ಕೂಸಿನಲ್ಲಿ ಅಪ್ಪನ ಪಾಲು

ಹುಟ್ಟುವುದಕ್ಕೆ ಇನ್ನೂ ಮೂರು ವಾರ ಇರುವಾಗಲೇ ರೋಹಿತನ ಕೂಸು ಪೂರ್ತಿ ಹಂಚಿಹೋಗಿತ್ತು. ಸ್ಕ್ಯಾನಿಂಗಿನ ಮಸುಕು ಚಿತ್ರ ನೋಡಿಯೇ ಅತ್ತೆ ಕಾಶೀಬಾಯಿ ಮೂಗು ತಮ್ಮ ತವರಿನದು ಎಂದು ತೀರ್ಮಾನಿಸಿದ್ದರು. ಹಣೆ ಮಾವ ಬಿಂದುಮಾಧವರಾಯರದು. ಸಂಜೆಯಾದರೆ ಒದೆಯುವ ಹಟ ಹೆಂಡತಿ ಸಂಪದಾಳದು. ಪಕ್ಕದ ಮನೆಯ ವಿಜಯೀಂದ್ರ ಕಾಕಾ ಕೂಡ ಬೆರಳು ಉದ್ದವಾಗಿವೆ ಎಂದು ಹೇಳಿ, ಕೂಸನ್ನು ತಮ್ಮ ಹಾರ್ಮೋನಿಯಂ ಪಾಠಕ್ಕೆ ಆಗಲೇ ಸೇರಿಸಿಕೊಂಡಿದ್ದರು. ಅಪ್ಪನ ಪಾಲಿಗೆ ಉಗುರಿನಷ್ಟೂ ಉಳಿದಿರಲಿಲ್ಲ.

ಚೊಚ್ಚಿಲ ಬಾಣಂತನ ತವರಿನಲ್ಲಿ ಎಂಬ ಪದ್ಧತಿಯಂತೆ ಸಂಪದಾ ಧಾರವಾಡದಲ್ಲಿದ್ದಳು. ತಾರಿಹಾಳದ ಕಾರ್ಖಾನೆಯೊಂದರಲ್ಲಿ ವಾಲ್ವುಗಳ ಅಳತೆ ಪರೀಕ್ಷಿಸುವ ರೋಹಿತ ಹುಬ್ಬಳ್ಳಿಯ ದೇಶಪಾಂಡೆ ನಗರದ ಮನೆಯಲ್ಲಿ ಒಬ್ಬನೇ ಉಪ್ಪಿಟ್ಟು ತಿಂದುಕೊಂಡು, ಭಾನುವಾರಕ್ಕೊಮ್ಮೆ ಅತಿಥಿಯ ಹಾಗೆ ಹೋಗಿ ಬರುತ್ತಿದ್ದ. ಕೂಸಿನಲ್ಲಿ ಒಂದಾದರೂ ತನ್ನದು ಇರಲಿ ಎಂಬುದು ಅವನ ಆಸೆ. ಇದು ಅತಿಯಾಸೆ ಎಂದು ನನಗನ್ನಿಸುವುದಿಲ್ಲ.

ಆದರೆ ಆ ಮನೆಯಲ್ಲಿ ಅವನಿಗೊಂದು ಕೊರತೆಯಿತ್ತು. ಬಿಂದುಮಾಧವರಾಯರು ತಬಲಾ ಗುರುಗಳು. ಮದುವೆಯಾದ ಹೊಸದರಲ್ಲಿ ಅವರ ಮನೆಯ ಸಂಗೀತದ ಬೈಠಕ್ಕಿನಲ್ಲಿ ಅಳಿಯ ಕಾಕಾ ಅವರ ಹಾರ್ಮೋನಿಯಮ್ಮಿಗೆ ಭಕ್ತಿಯಿಂದ ತೊಡೆಯ ಮೇಲೆ ತಾಳ ಹಾಕಿದ್ದ. ಅದನ್ನು ನೋಡಿ, ತಬಲಾ ನುಡಿಸುತ್ತಿದ್ದ ಶಿಷ್ಯ ದಾರಿ ತಪ್ಪಿ ನಿಂತುಬಿಟ್ಟಿದ್ದ. ಅಂದಿನಿಂದ ಅಳಿಯನಿಗೆ ಲಯದ ಗಂಧವೇ ಇಲ್ಲ ಎಂಬುದು ಸಾಧನಕೇರಿಯ ತನಕ ಸುದ್ದಿಯಾಗಿತ್ತು.

ಹೀಗಿರುವಾಗ, ಕೂಸಿನ ಎದೆಬಡಿತವನ್ನು ಮನೆಯಲ್ಲೇ ಕೇಳಿಸುವ ಕೈಯಳತೆಯ ಯಂತ್ರವೊಂದು ಅವನ ಮೊಬೈಲಿನಲ್ಲಿ ಕಾಣಿಸಿತು. ರೋಹಿತ ಅಳತೆಯ ಮನುಷ್ಯ. ಹನ್ನೊಂದು ಕಂಪನಿಗಳ ಯಂತ್ರಗಳನ್ನು ಒಂದು ಪಟ್ಟಿಯಲ್ಲಿ ಹಾಕಿ ಬ್ಯಾಟರಿ, ಸ್ಪೀಕರು, ಅಂಕಿ ತೋರಿಸುವ ಪರದೆ ಎಲ್ಲವನ್ನೂ ಎರಡು ವಾರ ತೂಗಿ ನೋಡಿ ಒಂದನ್ನು ತರಿಸಿದ. ಡಾಕ್ಟರನ್ನು ಕೇಳುವುದಕ್ಕೆ ಮಾತ್ರ ಆ ಪಟ್ಟಿಯಲ್ಲಿ ಜಾಗವಿರಲಿಲ್ಲ.

ಭಾನುವಾರ ಬೆಳಿಗ್ಗೆ ಧಾರವಾಡದ ಮನೆಯಲ್ಲಿ ಯಂತ್ರದ ಉದ್ಘಾಟನೆಯಾಯಿತು. ಮೊದಲು ಗುಡುಗುಡು ಸದ್ದು ಬಂತು.

"ಅದು ಕೂಸಲ್ಲ, ಈಗ ತಿಂದ ಅವಲಕ್ಕಿ," ಎಂದರು ಕಾಶೀಬಾಯಿ.

ರೋಹಿತ ಯಂತ್ರದ ಮೂತಿಯನ್ನು ಮೆಲ್ಲಗೆ ಕೆಳಗೆ ಸರಿಸಿದ. ಟಪ ಟಪ ಟಪ ಎಂದು ಅವಸರದ ಸದ್ದೊಂದು ಕೋಣೆ ತುಂಬಿತು. ರೋಹಿತನ ಕಣ್ಣು ತುಂಬಿಬಂತು. ಬಿಂದುಮಾಧವರಾಯರು ಮಾತ್ರ ಕಣ್ಣು ಮುಚ್ಚಿ, ಬೆರಳಲ್ಲಿ ತಾಳದ ಮಾತ್ರೆ ಎಣಿಸುತ್ತ ಕೂತರು. ನಿಧಾನಕ್ಕೆ ಅವರ ಹುಬ್ಬು ಗಂಟಿಕ್ಕಿತು.

"ರೋಹಿತರಾವ್, ಹಂಗೇ ಹಿಡೀರಿ. ಓಡ್ಲಿಕ್ಕತ್ತದ."

"ಏನು ಓಡ್ಲಿಕ್ಕತ್ತದ್ರಿ ಮಾವಾರ?"

"ಲಯ. ಒಮ್ಮೆ ಮುಂದ ಓಡ್ತದ, ಒಮ್ಮೆ ಹಿಂದ ಬೀಳ್ತದ. ಒಂದು ಕಡೆ ನಿಲ್ಲವಲ್ತು."

ಪರದೆಯ ಮೇಲೆ ನೂರಾ ಮೂವತ್ತೆಂಟು, ನೂರಾ ಐವತ್ತೊಂದು, ನೂರಾ ನಲವತ್ಮೂರು ಎಂದು ಅಂಕಿಗಳು ಬದಲಾಗುತ್ತಿದ್ದವು. ರಾಯರು ಗೋಡೆಯಾಚೆಗೆ ಕೂಗು ಹಾಕಿದರು. ವಿಜಯೀಂದ್ರ ಕಾಕಾ ಹಾರ್ಮೋನಿಯಂ ಸಮೇತ ಬಂದರು. ತಬಲಾ ಕಲಿಯುವವರ ಲಯ ಪರೀಕ್ಷಿಸಲು ನುಡಿಸುವ ಹದಿನಾರು ಮಾತ್ರೆಯ ಲೆಹರಾವನ್ನು ಅವರು ಶುರುಮಾಡಿದರು. ಸುತ್ತು ಮುಗಿದು ಮೊದಲ ಮಾತ್ರೆಗೆ ಬರುವಷ್ಟರಲ್ಲಿ ಕೂಸು ಒಮ್ಮೆ ಮುಂದೆ ಹೋಗಿರುತ್ತಿತ್ತು, ಒಮ್ಮೆ ಇನ್ನೂ ಹಿಂದೆಯೇ ಇರುತ್ತಿತ್ತು. ನಾಲ್ಕನೆಯ ಸುತ್ತಿಗೆ ಕಾಕಾ ಕೈ ಎತ್ತಿಬಿಟ್ಟರು.

"ನಲವತ್ತು ವರ್ಷದಾಗ ನನ್ನ ಲೆಹರಾ ಬಿಟ್ಟು ಹಿಂಗ ಓಡಿದವರು ಇಬ್ಬರೇ ನೋಡ್ರಿ ರಾಯರ. ಒಬ್ಬರು ಈ ಕೂಸು."

ಇನ್ನೊಬ್ಬರು ಯಾರೆಂದು ಯಾರೂ ಕೇಳಲಿಲ್ಲ. ಎಲ್ಲರೂ ರೋಹಿತನನ್ನು ನೋಡಿದರು.

"ಅಪ್ಪನ್ನ ಹೋಲ್ತದ," ಎಂದು ಕಾಶೀಬಾಯಿ ನಿಟ್ಟುಸಿರು ಬಿಟ್ಟರು.

ರೋಹಿತ ತಲೆ ತಗ್ಗಿಸಿದ. ತಗ್ಗಿಸಿದ್ದು ನಾಚಿಕೆಯಿಂದಲ್ಲ, ಮುಖದ ಮೇಲೆ ಬಂದ ನಗೆಯನ್ನು ಮುಚ್ಚಿಕೊಳ್ಳಲು. ಒಂಬತ್ತು ತಿಂಗಳಲ್ಲಿ ಮೊದಲ ಸಲ ಕೂಸಿಗೆ ಏನೋ ಒಂದು ಅವನಿಂದ ಬಂದಿತ್ತು. ತಪ್ಪೇ ಇರಲಿ, ಅದು ಅವನದು.

ಸಂತೋಷ ಒಂದು ನಿಮಿಷವೂ ಉಳಿಯಲಿಲ್ಲ. "ಹಾಡೋವಾಗ ಲಯ ತಪ್ಪಿದ್ರ ನಗ್ತಾರ. ಎದಿಯೊಳಗ ತಪ್ಪಿದ್ರ?" ಎಂದರು ರಾಯರು. ರೋಹಿತ ಯಂತ್ರವನ್ನು ಜೇಬಿಗೆ ತುರುಕಿ ಚಪ್ಪಲಿ ಹುಡುಕತೊಡಗಿದ.

"ಅಪ್ಪಾ, ಅದು ಬೆಳಿಗ್ಗಿಂದ ಛಂದಾಗಿ ಒದೀಲಿಕ್ಕತ್ತದ. ನನಗೇನೂ ಆಗಿಲ್ಲ," ಎಂದಳು ಸಂಪದಾ. ಹೊಟ್ಟೆ ಅವಳದಾದರೂ ಅವಳ ಮಾತನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಐದು ನಿಮಿಷದಲ್ಲಿ ಎಲ್ಲರೂ ಕಾಕಾ ಅವರ ಹಳೆಯ ಕಾರಿನಲ್ಲಿದ್ದರು. ಡಾಕ್ಟರಿಗೆ ತೋರಿಸಲು ಪುರಾವೆ ಬೇಕೆಂದು ಕಾಕಾ ಹಾರ್ಮೋನಿಯಮ್ಮನ್ನೂ ತಂದು ರೋಹಿತನ ತೊಡೆಯ ಮೇಲಿಟ್ಟಿದ್ದರು. ರಸ್ತೆಯ ಪ್ರತಿ ಉಬ್ಬಿಗೂ ಅದು ನರಳುತ್ತಿತ್ತು. ಆಸ್ಪತ್ರೆಯ ಬಾಗಿಲಲ್ಲಿ ಆ ನರಳಾಟ ಕೇಳಿ ಗಾಲಿಕುರ್ಚಿಯವನು ಓಡಿಬಂದು, ಕಾರಿನ ಬಾಗಿಲು ತೆಗೆದು, ರೋಹಿತನ ತೋಳು ಹಿಡಿದ.

"ಸಾವಕಾಶ ಇಳೀರಿ ಸರ್. ಎಷ್ಟು ಹೊತ್ತಿಂದ ನೋವು?"

ಡಾಕ್ಟರ್ ಜಯಮಾಲಾ ಎಲ್ಲರ ಮಾತನ್ನೂ ಒಟ್ಟಿಗೇ ಕೇಳಿಸಿಕೊಂಡರು. ರಾಯರು ಲಯದ ವಿಷಯ ಹೇಳಿದರು. ಕಾಕಾ ಲೆಹರಾ ನುಡಿಸಿ ತೋರಿಸಲು ಅಪ್ಪಣೆ ಬೇಡಿದರು. ಡಾಕ್ಟರು ಅವರೆಲ್ಲರನ್ನೂ ದಾಟಿ ಸಂಪದಾಳ ಹತ್ತಿರ ಹೋದರು.

"ಕೂಸು ಆಡಾಕತ್ತೈತೇನವಾ?"

"ಬೆಳಿಗ್ಗಿಂದ ಒಂದೇ ಸವನೆ ಆಡ್ಲಿಕ್ಕತ್ತದ್ರಿ."

"ಛಲೋ ಆತು. ಆದ್ರೂ ಬಂದೀರಿ ಅಂದ ಮ್ಯಾಲ ನೋಡೇಬಿಡೋಣ."

ನರ್ಸು ಹೊಟ್ಟೆಗೆ ಎರಡು ಪಟ್ಟಿ ಬಿಗಿದಳು. ದೊಡ್ಡ ಯಂತ್ರದಿಂದ ಕಾಗದ ಸುರುಳಿಯಾಗಿ ಹೊರಬರತೊಡಗಿತು. ಅದರ ಮೇಲಿನ ಗೆರೆ ಗುಡ್ಡ ಹತ್ತಿ ಇಳಿಯುತ್ತಿತ್ತು. ಕಾರ್ಖಾನೆಯಲ್ಲಿ ಇಂಥ ಗೆರೆ ಬಂದರೆ ರೋಹಿತ ಕೂಡಲೇ ಕೆಲಸ ನಿಲ್ಲಿಸುತ್ತಿದ್ದ. ಇಪ್ಪತ್ತು ನಿಮಿಷ ಅವನು ಆ ಗೆರೆಯನ್ನೇ ನೋಡುತ್ತ ನಿಂತ. ಕೊನೆಗೆ ತಡೆಯಲಾಗಲಿಲ್ಲ.

"ಡಾಕ್ಟರ್, ಅದು ನನ್ನಿಂದ ಬಂದದ್ರಿ."

"ಯಾವುದು?"

"ತಾಳ ಇಲ್ಲದ್ದು."

ಡಾಕ್ಟರು ಕಾಗದ ಹರಿದು ಬೆಳಕಿಗೆ ಹಿಡಿದರು. "ಇಷ್ಟು ಛಲೋ ಗೆರಿ ಈ ವಾರದಾಗ ನಾ ನೋಡಿದ್ದಿಲ್ಲ. ಕೂಸಿನ ಎದಿಬಡಿತ ಹಿಂಗೇ ಏರಬೇಕು, ಇಳೀಬೇಕು. ಕೈಕಾಲು ಆಡಿಸಿದಾಗ ಜೋರಾಗಬೇಕು. ಗಡಿಯಾರದಂಗ ಒಂದೇ ಸಮ ಭಾಳ ಹೊತ್ತು ಹೊಡಕೊಂಡ್ರ ನಾವು ಎಚ್ಚರಾಗತೇವಿ. ನಿಮ್ಮ ಕೂಸು ಗಟ್ಟಿ ಐತಿ." ಆಮೇಲೆ ರೋಹಿತನ ಜೇಬಿನಿಂದ ಇಣುಕುತ್ತಿದ್ದ ಪುಟ್ಟ ಯಂತ್ರದ ಕಡೆ ಬೆರಳು ತೋರಿಸಿದರು. "ಇದನ್ನ ಪೆಟಿಗ್ಯಾಗ ಹಾಕಿ ಇಡ್ರಿ. ಇದು ಛಲೋ ಐತಿ ಅಂದ್ರೂ ನಂಬಬ್ಯಾಡ್ರಿ, ಕೆಟ್ಟೈತಿ ಅಂದ್ರೂ ನಂಬಬ್ಯಾಡ್ರಿ. ಕೂಸಿನ ಆಟ ಕಡಿಮಿ ಆತು ಅಂತ ಈಕಿ ಹೇಳಿದ್ರ ಮಾತ್ರ ಸೀದಾ ಇಲ್ಲಿಗೆ ಬರ್ರಿ."

ಯಂತ್ರ ಹೋದದ್ದರ ದುಃಖ ರೋಹಿತನಿಗೆ ಆಗಲೇ ಇಲ್ಲ. ಏರುವುದು ಇಳಿಯುವುದು ಆರೋಗ್ಯ. ಏರುವುದು ಇಳಿಯುವುದು ತನ್ನದು. ಹಾಗಾದರೆ ಕೂಸಿನ ಆರೋಗ್ಯವೇ ತನ್ನದು! ಮೂಗು, ಹಣೆ, ಹಟ ಎಲ್ಲವನ್ನೂ ಅವರೇ ಇಟ್ಟುಕೊಳ್ಳಲಿ. ಅವನು ಎದೆಯುಬ್ಬಿಸಿ ಮಾವನ ಕಡೆ ತಿರುಗಿದ.

"ಮಾವಾರ, ಹಂಗಾದ್ರ ಈ ಲಯ..."

ರಾಯರು ಅಷ್ಟರಲ್ಲಿ ಕಾಗದ ಇಸಿದುಕೊಂಡು, ಚಷ್ಮಾ ಏರಿಸಿ, ಗೆರೆಯ ಮೇಲೆ ಬೆರಳಾಡಿಸುತ್ತಿದ್ದರು. ಅವರ ಮುಖ ಅರಳುತ್ತ ಬಂತು.

"ವಿಜಯೀಂದ್ರಾ, ಇಲ್ಲಿ ಬಾರೋ! ಇದು ಲಯ ತಪ್ಪಿದ್ದಲ್ಲೋ. ಲಯದ ಜೋಡಿ ಆಡ್ಲಿಕ್ಕತ್ತದ! ಬೇಕಂತ ಮುಂದ ಹೋಗ್ತದ, ಬೇಕಂತ ಹಿಂದ ನಿಲ್ತದ. ಲಯಕಾರಿ ಅಂದ್ರ ಇದು. ನಮ್ಮಪ್ಪ ಹಿಂಗೇ ಬಾರಸ್ತಿದ್ದ."

"ನಾ ಮೊದಲೇ ಅಂದಿದ್ದೆ, ಅಜ್ಜನ ಮನಿತನ ಹೋಲ್ತದ ಅಂತ," ಎಂದರು ಕಾಶೀಬಾಯಿ.

"ಮತ್ತ ನನ್ನ ಲೆಹರಾಕ್ಕ ಕೂಡಲಿಲ್ಲಲ್ಲ?" ಎಂದು ಕಾಕಾ ಮೆಲ್ಲಗೆ ಕೇಳಿದರು.

"ಅದು ನಿನ್ನ ಲೆಹರಾ ತಪ್ಪಿತ್ತು."

ರೋಹಿತ ತೆರೆದ ಬಾಯಿಯನ್ನು ಹಾಗೆಯೇ ಬಿಟ್ಟು ನಿಂತಿದ್ದ. ರಾಯರಿಗೆ ಅದು ಕಂಡಿತು. ಒಳ್ಳೆಯ ಮನುಷ್ಯರು ಅವರು. ಬೆಳಗಿನಿಂದ ಅಳಿಯನ ಮನಸ್ಸಿಗೆ ಎಷ್ಟು ನೋವು ಕೊಟ್ಟೆವೋ ಎಂದು ಮರುಗಿ, ಹತ್ತಿರ ಬಂದು ಅವನ ಹೆಗಲ ಮೇಲೆ ಕೈಯಿಟ್ಟರು.

"ಮನಸ್ಸಿಗೆ ಹಚ್ಚಿಕೋಬ್ಯಾಡ್ರಿ ರೋಹಿತರಾವ್. ನಿಮ್ಮದು ಅಂತ ಕೂಸಿಗೆ ಏನೇನೂ ಬಂದಿಲ್ಲ. ಇನ್ನ ಆರಾಮ ಇರ್ರಿ."

"ಹೂಂನ್ರಿ ಮಾವಾರ," ಎಂದ ರೋಹಿತ, ಹಾರ್ಮೋನಿಯಂ ಎತ್ತಿಕೊಂಡು ಕಾರಿನ ಕಡೆ ನಡೆದ.