ಗುಂಡಿಗೆ ಬಂದ ಬಾಯಿ

"ಕರೆಂಟ್ ಬೇಡ, ಬ್ಯಾಟರಿ ಬೇಡ! ಗುಂಡಿಯ ಗ್ಯಾಸಿನಿಂದಲೇ ನಡೆಯುತ್ತೆ!" ಪಾಯಿಖಾನೆಯ ಬಾಗಿಲ ಮುಂದೆ ನಿಂತು ಸಿದ್ಧಲಿಂಗಪ್ಪ ಘೋಷಿಸಿದ. ಪ್ರೇಕ್ಷಕರು ಇಬ್ಬರೇ: ಹೆಂಡತಿ ಶಿವಗಂಗಮ್ಮ, ಚಿಕ್ಕಪ್ಪ ರೇವಣ್ಣ.

ತುಮಕೂರಿನ ಆ ಹೊಸ ಬಡಾವಣೆಗೆ ಒಳಚರಂಡಿ ಇನ್ನೂ ಬಂದಿರಲಿಲ್ಲ. ಅದರ ಉದ್ಘಾಟನೆ ಮಾತ್ರ ಎರಡು ಸಲ ಆಗಿತ್ತು. ಹಾಗಾಗಿ ಮನೆಗೊಂದು ಸೆಪ್ಟಿಕ್ ಗುಂಡಿ. ಒಳಗಿನ ಸೂಕ್ಷ್ಮಜೀವಿಗಳು ಸುಖವಾಗಿದ್ದರೆ ಗುಂಡಿ ಬೇಗ ತುಂಬುವುದಿಲ್ಲ. ಅವುಗಳ ಸುಖದುಃಖವನ್ನು ಕನ್ನಡದಲ್ಲಿ ಹೇಳಲೆಂದು ಸಿದ್ಧಲಿಂಗಪ್ಪ ತಾನೇ ಕಟ್ಟಿದ ಯಂತ್ರ ಇದು. ಗುಂಡಿಗೆ ಸುಸ್ತಾದರೆ ಪಾಯಿಖಾನೆಯ ಬಾಗಿಲಿಗೆ ತಾನೇ ಚಿಲಕ ಹಾಕಿಕೊಳ್ಳುತ್ತಿತ್ತು.

ಶಿವಗಂಗಮ್ಮನಿಗೆ ಬೇಕಾಗಿದ್ದು ಸೂಕ್ಷ್ಮಜೀವಿಗಳ ಸುಖವಲ್ಲ, ತನ್ನ ಮುಂದಿನ ಕೋಣೆ. ಕಣ್ಣಿನ ಆಪರೇಷನ್ನಿಗೆಂದು ಬಂದ ರೇವಣ್ಣ, ಕಣ್ಣು ಸರಿಹೋಗಿ, ಕನ್ನಡಕ ಬಂದು, ಆ ಕನ್ನಡಕದಲ್ಲಿ ಇಡೀ ಬೇಸಿಗೆಯ ಪೇಪರು ಓದಿ ಮುಗಿಸಿದರೂ ಕೋಣೆ ಬಿಟ್ಟಿರಲಿಲ್ಲ. ಅವಳ ಹೊಲಿಗೆ ಮಿಷನ್ನು ಅಡುಗೆಮನೆ ಸೇರಿತ್ತು. ಗೌರಿಹಬ್ಬ ಹತ್ತಿರ ಬಂದಿತ್ತು. ಒಗ್ಗರಣೆ ವಾಸನೆಯ ರವಿಕೆಯನ್ನು ಯಾವ ಗಿರಾಕಿ ಹಾಕಿಕೊಂಡಾಳು?

ಮರುದಿನ ಅವಳು ಪಾಯಿಖಾನೆಗೆ ಫಿನಾಯಿಲ್ ಸುರಿದು ತೊಳೆದಳು.

"ಯಾರ್ರೀ ಅದು ವಿಷ ಹಾಕಿದ್ದು?" ಯಂತ್ರ ಬೀದಿಗೇ ಕೇಳುವಂತೆ ಕಿರುಚಿತು. ಚಿಲಕ ಬಿತ್ತು. ಸಂಜೆಯವರೆಗೆ ಪಕ್ಕದ ದಾಕ್ಷಾಯಿಣಿಯ ಮನೆಯೇ ಗತಿ.

ಆಮೇಲೆ ಸಿದ್ಧಲಿಂಗಪ್ಪನ ಸರದಿ. "ಹಲ್ಲುನೋವಿಗೆ ಆಂಟಿಬಯಾಟಿಕ್ ಮಾತ್ರೆ ನುಂಗಿದ ಮಹಾನುಭಾವರೇ! ನಮ್ಮಲ್ಲಿ ಅರ್ಧ ಜನ ತೀರಿಕೊಂಡರು!"

"ನೋಡಿದ್ಯಾ, ಎಷ್ಟು ನಿಖರ!" ಎಂದು ಅವನು ಚಿಲಕ ಬಿದ್ದ ಬಾಗಿಲ ಮುಂದೆ ಹೊಟ್ಟೆ ಹಿಡಿದುಕೊಂಡೇ ಹೆಮ್ಮೆಪಟ್ಟ.

ಶಿವಗಂಗಮ್ಮನಿಗೆ ಉಪಾಯ ಹೊಳೆಯಿತು. "ರೀ, ಮೂರು ಜನರ ಭಾರ ಗುಂಡಿ ತಡೆಯಲ್ಲ ಅಂತ ಅದರ ಬಾಯಲ್ಲೇ ಹೇಳಿಸಿ. ಚಿಕ್ಕಮಾವನಿಗೆ ಹೇಳೋಕೆ ನಿಮಗಂತೂ ಬಾಯಿಲ್ಲ."

"ನನ್ನ ಯಂತ್ರ ಸುಳ್ಳು ಹೇಳಲ್ಲ ಗಂಗಾ!"

"ಒಬ್ಬರು ಹೋದ್ರೆ ಭಾರ ಇಳಿಯಲ್ವಾ? ಇದರಲ್ಲಿ ಸುಳ್ಳೇನು ಬಂತು! ಬಿಡಿ, ನಾನೇ ಕೇಳ್ತೀನಿ."

ಭಾನುವಾರ ರೇವಣ್ಣ ಹಜಾರದಲ್ಲಿ ಕೂತಿದ್ದಾಗ ಅವಳು ಪಾಯಿಖಾನೆಯ ಕಡೆ ತಿರುಗಿ ದನಿ ಎತ್ತರಿಸಿ ಯಂತ್ರವನ್ನು ಕೇಳಿದಳು: "ಏನಪ್ಪಾ, ಈ ಮನೇಲಿ ಮೂರು ಜನ ಜಾಸ್ತಿ ಆದ್ರಾ?"

"ಆದರು!" ಎಂದಿತು ಯಂತ್ರ.

ಅವಳ ಮುಖ ಅರಳಿತು. "ಹಾಗಾದ್ರೆ ಯಾರು ಹೊರಡಬೇಕು?"

"ನೀವಿಬ್ಬರು! ಒಬ್ಬರು ವಿಷ, ಇನ್ನೊಬ್ಬರು ಮಾತ್ರೆ. ರೇವಣ್ಣನವರು ಮಾತ್ರ ಮುದ್ದೆ, ಸೊಪ್ಪು, ಮಜ್ಜಿಗೆಯ ಮನುಷ್ಯ. ನಾವು ಬದುಕಿರೋದೇ ಅವರಿಂದ!"

ರೇವಣ್ಣ ಕನ್ನಡಕ ತೆಗೆದು ಪಂಚೆಯ ಅಂಚಿನಲ್ಲಿ ಒರೆಸಿದ, ಮತ್ತೆ ಒರೆಸಿದ. ಅವನ ಕುರ್ಚಿಯ ಪಕ್ಕ ಕಟ್ಟಿಟ್ಟ ಬಟ್ಟೆಯ ಚೀಲವಿದ್ದದ್ದು ಶಿವಗಂಗಮ್ಮನಿಗೆ ಆಗಷ್ಟೇ ಕಂಡಿತು.

"ಮಧ್ಯಾಹ್ನದ ಬಸ್ಸಿಗೆ ಹೊರಟಿದ್ದೆ ಕಣವ್ವಾ" ಎಂದ ಅವನು ಮೆಲ್ಲಗೆ. "ನೀನು ಬೇಕು ಅಂತ ನನಗೆ ಇದುವರೆಗೂ ಯಾರೂ ಅಂದಿರಲಿಲ್ಲ. ಇಷ್ಟು ಜೀವ ನಂಬಿಕೊಂಡಿವೆ ಅಂದಮೇಲೆ ಬಿಟ್ಟು ಹೋಗೋದು ಹೆಂಗೆ?" ಚೀಲ ಎತ್ತಿಕೊಂಡು ಮುಂದಿನ ಕೋಣೆಗೆ ವಾಪಸು ಹೋದ.

"ಆರಿಸ್ರೀ ಅದನ್ನ!" ಶಿವಗಂಗಮ್ಮ ಗಂಡನ ಮೇಲೆ ಹಾಯ್ದಳು.

"ಹೆಂಗೆ ಆರಿಸ್ಲಿ? ಕರೆಂಟೇ ಇಲ್ವಲ್ಲ!"

ಅವನು ಸುತ್ತಿಗೆ ತಂದ. "ಮುಟ್ಟಿದರೆ ಎಲ್ಲಾ ಹಿಂದಕ್ಕೆ ಕಳಿಸ್ತೀವಿ" ಎಂದಿತು ಯಂತ್ರ. ಮಾತಿಗೆ ಸಾಕ್ಷಿಯಾಗಿ ಕೊಳವೆಯೊಳಗೆ ಗುಳುಗುಳು ಸದ್ದಾಯಿತು. ಸುತ್ತಿಗೆ ಬಹಳ ವಿನಯದಿಂದ ತನ್ನ ಡಬ್ಬಕ್ಕೆ ಮರಳಿತು.

ಅಂದಿನಿಂದ ಆ ಬಾಗಿಲು ರೇವಣ್ಣನೊಬ್ಬನಿಗೇ ತೆರೆಯುತ್ತದೆ. ಇಂಥವರು ಇನ್ನೂ ಇದ್ದರೆ ಕರೆಸಬೇಕೆಂದು ಯಂತ್ರ ಬೇಡಿಕೆ ಇಟ್ಟಿದೆ. ರೇವಣ್ಣ ತಮ್ಮಂದಿರಿಬ್ಬರಿಗೆ ಫೋನ್ ಮಾಡಿದ್ದಾನೆ. ಗುಂಡಿಯ ಆರೋಗ್ಯ ಅತ್ಯುತ್ತಮವಾಗಿದೆ ಎಂದು ಸಿದ್ಧಲಿಂಗಪ್ಪ ಎಲ್ಲರಿಗೂ ಹೇಳಿಕೊಂಡು ತಿರುಗುತ್ತಾನೆ, ಕೈಯಲ್ಲಿ ಬಕೆಟ್ ಹಿಡಿದು.

ಶಿವಗಂಗಮ್ಮ ಹೊಲಿಗೆ ಮಿಷನ್ನನ್ನು ದಾಕ್ಷಾಯಿಣಿಯ ಜಗಲಿಗೆ ಸಾಗಿಸಿದಳು.

"ಇಲ್ಲಿಗ್ಯಾಕೆ ತಂದ್ರಿ ಅಕ್ಕಾ?" ಎಂದು ದಾಕ್ಷಾಯಿಣಿ ಕೇಳಿದಳು.

"ದಿನಾ ಬೆಳಗ್ಗೆ ಹೆಂಗೂ ಬರ್ತೀನಲ್ಲ" ಎಂದಳು ಶಿವಗಂಗಮ್ಮ, ಸೂಜಿಗೆ ದಾರ ಪೋಣಿಸುತ್ತಾ.