ಜೀಪ ಇಲ್ಲ, ಬರ್ರಿ

ನಾನು ಮನೆಗೆ ನಾಲ್ಕು ಜನರನ್ನು ಕರೆದೆನೆಂದರೆ ಏನಾದರೊಂದು ಅಧ್ವಾನ ಆಗಿಯೇ ತೀರುತ್ತದೆ. ಹಾಲು ಒಡೆಯುತ್ತದೆ, ಕರೆದವರು ಮರುದಿನ ಬರುತ್ತಾರೆ, ಕರೆಯದವರು ಹಿಂದಿನ ದಿನವೇ ಬಂದು ಕೂತಿರುತ್ತಾರೆ. ಈ ಯೋಗ ನನಗೆ ಗಂಟುಬಿದ್ದದ್ದು ಎಂಬತ್ತರ ದಶಕದಲ್ಲಿ, ನವಲಗುಂದ ತಾಲೂಕಿನ ಒಂದು ಹಳ್ಳಿಗೆ ನರ್ಸ್ ಆಗಿ ಹೋದಾಗ. ಸುತ್ತ ಎರೆಹೊಲ, ಊರಿಗೊಂದು ಕೆರೆ, ನನಗೊಂದು ಸರಕಾರಿ ಮನೆ. ನನ್ನ ಗಂಡ ನವಲಗುಂದದ ಆಫೀಸೊಂದರಲ್ಲಿ ಕಾರಕೂನ, ಬೆಳಿಗ್ಗೆ ಬಸ್ಸು ಹತ್ತಿದರೆ ಸಂಜೆಗೇ ಇಳಿಯುವುದು.

ಆ ಮನೆಗೆ ಒಂದು ವರ್ಷ ಯಾರೂ ಬರಲಿಲ್ಲ. ಹೆರಿಗೆಗೆ ಕರೆದರೆ ನಾನೇ ಅವರ ಮನೆಗೆ ಹೋಗುತ್ತಿದ್ದೆ, ಬಾಯಾರ ಬಾಯಾರ ಅಂತ ಬಾಯಿ ತುಂಬ ಮಾತಾಡಿಸುತ್ತಿದ್ದರು. ಆದರೆ ನನ್ನ ಹೊಸ್ತಿಲು ಮಾತ್ರ ಯಾರೂ ದಾಟುತ್ತಿರಲಿಲ್ಲ. ಬೇಸರ ತಡೆಯಲಾರದೆ ಕಲಘಟಗಿ ಕಡೆ, ತವರಿನ ಹತ್ತಿರ ವರ್ಗ ಮಾಡಿಕೊಡಿ ಅಂತ ಅರ್ಜಿ ಬರೆದು ಕಳಿಸಿದೆ. ಅದರ ಮರುವಾರವೇ ಯಾವುದೋ ವಾರಪತ್ರಿಕೆಯಲ್ಲಿ ಒಂದು ಲೇಖನ ಕಣ್ಣಿಗೆ ಬಿತ್ತು. ಬೇಸಿಗೆಯಲ್ಲಿ ಮನೆಯಲ್ಲೇ ಪಾರ್ಟಿ ಮಾಡಿ, ಒಂದೊಂದು ಪಾರ್ಟಿಗೆ ಒಂದೊಂದು ವಿಷಯ ಇಟ್ಟುಕೊಳ್ಳಿ, ಒಮ್ಮೆ ಹಣ್ಣು, ಒಮ್ಮೆ ಬಣ್ಣ, ಒಮ್ಮೆ ವೇಷ, ಅಂತ ಅದರಲ್ಲಿ ಬರೆದಿತ್ತು. ಚಿತ್ರದಲ್ಲಿ ಈಜುಕೊಳ ಇತ್ತು. ನಮ್ಮಲ್ಲಿ ಎರಡು ಹಂಡೆ ನೀರಿತ್ತು. ಆಗಲಿ, ಮಾಡಿಯೇ ಬಿಡೋಣ ಅಂದುಕೊಂಡೆ.

ಮಾವಿನ ಪಾರ್ಟಿ

ರವಿವಾರ ಮಧ್ಯಾಹ್ನ ಮೂರಕ್ಕೆ ಸೀಕರಣಿ ತಿನ್ನಲು ಬನ್ನಿ ಅಂತ ಓಣಿಯ ಎಂಟು ಹೆಣ್ಣುಮಕ್ಕಳಿಗೆ ಹೇಳಿ ಬಂದೆ. ಎಂಟೂ ಜನ ಹೌದ್ರಿ ಅಂದರು. ಮಾವಿನ ಹಣ್ಣು ಹಿಂಡಿ, ಏಲಕ್ಕಿ ಹಾಕಿ, ಪಾತೇಲಿ ತುಂಬ ಸೀಕರಣಿ ಮಾಡಿ ಕೂತೆ. ಮೂರಾಯಿತು, ಮೂರೂವರೆ ಆಯಿತು. ನೊಣ ಬಿಟ್ಟರೆ ಯಾರೂ ಬರಲಿಲ್ಲ. ಇಡೀ ಪಾತೇಲಿ ನಮ್ಮ ಪಾಲಿಗೇ ಬಂತು ಅಂತ ನನ್ನ ಗಂಡ ಒಳಗೊಳಗೇ ಹಿಗ್ಗುತ್ತಿದ್ದರು. ನನಗೆ ಅಳು ಬರುವುದೊಂದು ಬಾಕಿ.

ನಾಲ್ಕರ ಸುಮಾರಿಗೆ ಎದುರುಮನೆಯ ಆಯಿ ಕೋಲೂರಿಕೊಂಡು ಬಂದಳು. ಎಪ್ಪತ್ತು ದಾಟಿದ ಮುದುಕಿ. ಕೂತುಕೊಳ್ಳಿ ಅಂದರೂ ಕೂರದೆ ಹಿತ್ತಲಿಗೆ ಹೋದಳು, ಬಚ್ಚಲು ಇಣುಕಿದಳು, ಮನೆಯ ಹಿಂದಿನ ಸಂದಿ ನೋಡಿ ಬಂದಳು.

"ಜೀಪ ಎಲ್ಲಿ ನಿಂದ್ರಿಸೀರಿ, ಬಾಯಾರ?" ಅಂದಳು.

ಆಗ ನನ್ನ ತಲೆಗೆ ಬೆಳಕು ಬಿತ್ತು. ಆ ಕಾಲದಲ್ಲಿ ಮಕ್ಕಳಾಗದಂತೆ ಆಪರೇಶನ್ ಮಾಡಿಸಲು ಇಂತಿಷ್ಟು ಹೆಂಗಸರನ್ನು ಕರೆತರಬೇಕು ಅಂತ ನಮಗೆ ಮೇಲಿನಿಂದ ತಾಕೀತು ಇರುತ್ತಿತ್ತು. ಒಯ್ಯಲು ಸರಕಾರಿ ಜೀಪು ಬರುತ್ತಿತ್ತು. ಬಾಯಾರು ಸೀಕರಣಿ ತಿನ್ನಿಸಿ, ಬಾಯಿ ಒರೆಸಿಕೊಳ್ಳುವುದರೊಳಗೆ ಎಲ್ಲರನ್ನೂ ಜೀಪಿಗೆ ತುಂಬುತ್ತಾರೆ ಅಂತ ಊರೆಲ್ಲ ಸುದ್ದಿ! ನಾನು ತಾಯಾಣೆ ಮಾಡಿ ಹೇಳಿದ ಮೇಲೆ ಆಯಿ ಬಾಗಿಲಿಗೆ ಹೋಗಿ ಕೂಗಿದಳು.

"ಜೀಪ ಇಲ್ಲ, ಬರ್ರಿಬೇ."

ಎದುರಿನ ಕಟ್ಟೆಯ ಹಿಂದಿನಿಂದ ಏಳು ಜನ ಎದ್ದು ಬಂದರು. ಅರ್ಧ ಗಂಟೆಯಲ್ಲಿ ಪಾತೇಲಿ ತೊಳೆದಿಟ್ಟಷ್ಟು ಸ್ವಚ್ಛವಾಯಿತು. ಹೋಗುವಾಗ ನಾನು ಆಯಿಯ ಕೈಹಿಡಿದು, ಎಲ್ಲರೂ ಹೆದರಿದಾಗ ನೀವೊಬ್ಬರೇ ಧೈರ್ಯ ಮಾಡಿ ಬಂದಿರಲ್ಲ ಅಂದೆ.

"ಧೈರ್ಯ ಎಲ್ಲೀದವಾ," ಅಂದಳು ಆಯಿ. "ಈಕಿನ್ನ ಒಯ್ದ್ರೂ ಸರಕಾರಕ್ಕ ಏನೂ ಉಪಯೋಗ ಇಲ್ಲಂತ ಹೇಳಿ ನನ್ನ ಮುಂದ ದಬ್ಬಿದ್ರು."

ಬಿಳಿ ಪಾರ್ಟಿ

ಮುಂದಿನ ಸಲ ಎಲ್ಲರೂ ಬಿಳಿ ಸೀರೆ ಉಟ್ಟು ಬನ್ನಿ ಅಂದುಬಿಟ್ಟೆ. ಪತ್ರಿಕೆಯಲ್ಲಿ ಹಾಗೇ ಇತ್ತು, ಬೇಸಿಗೆಗೆ ಬಿಳಿ ತಂಪು ಅಂತ. ಎಲ್ಲರ ಮುಖ ಸಣ್ಣದಾಯಿತು. ಗಂಡ ಗಟ್ಟಿಮುಟ್ಟಾಗಿ ಇರುವಾಗ ಬಿಳಿ ಸೀರೆ ಉಡುವುದುಂಟೆ? ನನ್ನ ಬುದ್ಧಿ ಹುಲ್ಲು ಮೇಯಲು ಹೋಗಿತ್ತು. ನೀಲಿ ಅಂಚಿನ ಬಿಳಿ ಸೀರೆ ನನ್ನ ನೌಕರಿಯ ಉಡುಪು. ಅದನ್ನು ನೋಡಿ ನಾನು ಬಂದ ಹೊಸದರಲ್ಲಿ ಊರವರು ಪಾಪ, ಸಣ್ಣ ವಯಸ್ಸಿಗೇ ಹೀಗಾಯಿತು ಅಂತ ಮರುಗಿದ್ದರಂತೆ. ವಾರದ ಮೇಲೆ ನನ್ನ ಗಂಡ ಟ್ರಂಕು ಹೊತ್ತು ಬಸ್ಸಿನಿಂದ ಇಳಿದಾಗ ಕೆಲವರು ಬೆಚ್ಚಿದ್ದೂ ಉಂಟಂತೆ.

ದಾರಿ ತೋರಿಸಿದವಳು ದರ್ಜಿ ಮನೆಯ ಭಾಬಿ. ಓಣಿಯ ಹೆಂಗಸರ ಕುಪ್ಪಸವೆಲ್ಲ ಅವಳ ಕೈಯದೇ. ಉಡುವುದು ಬೇಡ, ಒಬ್ಬೊಬ್ಬರು ಒಂದೊಂದು ಬಿಳಿ ವಸ್ತು ತರೋಣ ಅಂದಳು. ರವಿವಾರ ನಮ್ಮ ಪಡಸಾಲೆಯಲ್ಲಿ ಬೆಣ್ಣೆ ಬಂತು, ಬಳ್ಳೊಳ್ಳಿ ಬಂತು, ಹತ್ತಿ ಬಂತು, ಒಂದು ಬಿಳಿ ಆಡಿನ ಮರಿ ಬಂದು ಹತ್ತಿಗೆ ಬಾಯಿ ಹಾಕಿತು. ಕೊನೆಯಲ್ಲಿ ಒಬ್ಬ ಸೊಸೆ ಬರಿಗೈಯಲ್ಲಿ ಬಂದಳು, ಹಿಂದೆ ಅವಳ ಅತ್ತೆ. ಏನು ತಂದೆ ಅಂದರೆ ಅತ್ತೆಯ ಸೆರಗನ್ನು ತಲೆಯಿಂದ ಸರಿಸಿ ತೋರಿಸಿದಳು. ಇಷ್ಟು ಬೆಳ್ಳಗಿನದು ಊರಲ್ಲಿ ಇನ್ನೆಲ್ಲಿದೆ ಅಂದಳು.

ಎಲ್ಲರೂ ನಕ್ಕರು, ಅತ್ತೆ ನಗಲಿಲ್ಲ. ಎರಡು ಬಟ್ಟಲು ಶಾವಿಗೆ ಪಾಯಸ ಸದ್ದಿಲ್ಲದೆ ಮುಗಿಸಿ, ಬಾಯಿ ಒರೆಸಿಕೊಂಡು ಹೇಳಿದಳು.

"ಮುಂದಿನ ಸರ್ತಿ ಕರೀ ಪಾರ್ಟಿ ಇಡ್ರಿ, ಬಾಯಾರ. ನನ್ನ ಸೊಸಿ ಮಾಡಿದ ರೊಟ್ಟಿ ತರತೀನಿ."

ತಂಪು ಪಾರ್ಟಿ

ಮರುವರ್ಷದ ಬೇಸಿಗೆಯಲ್ಲಿ ಊರಿಗೆ ಐಸ್ ತೋರಿಸುವ ಹುಕಿ ಬಂತು. ನನ್ನ ಗಂಡ ರಜೆಯ ದಿನ ನವಲಗುಂದಕ್ಕೆ ಹೋಗಿ ಒಂದು ದೊಡ್ಡ ಐಸ್ ಗಡ್ಡೆ ಕೊಂಡು, ಕಟ್ಟಿಗೆ ಪುಡಿ ಸುರಿದು, ಗೋಣಿತಟ್ಟಿನಲ್ಲಿ ಸುತ್ತಿ ತೊಡೆಯ ಮೇಲೆ ಇಟ್ಟುಕೊಂಡು ಬಸ್ಸಿನಲ್ಲಿ ಕೂತರು. ದಾರಿಯಲ್ಲಿ ಬಸ್ಸು ಕೆಟ್ಟು ನಿಂತಿತು. ಬಿಸಿಲೋ ಬಿಸಿಲು, ನೆರಳಿಗೊಂದು ಗಿಡವಿಲ್ಲ. ಬಾಜು ಕೂತ ಅಜ್ಜ, ಒಂದು ಚೂರು ಕೊಡಪಾ, ನೆತ್ತಿ ಮೇಲೆ ಇಟ್ಟುಕೊಳ್ಳುತ್ತೇನೆ ಅಂದನಂತೆ. ಅಜ್ಜನಿಗೆ ಕೊಟ್ಟ ಮೇಲೆ ಮಗುವಿಗೆ ಇಲ್ಲ ಅನ್ನಲಾದೀತೆ? ಮಗುವಿಗೆ ಕೊಟ್ಟ ಮೇಲೆ ತಾಯಿಗೆ? ಯಮನೂರಿಗೆ ಹರಕೆ ಒಪ್ಪಿಸಲು ಹೊರಟಿದ್ದ ಒಂದು ಮನೆತನವೇ ಬಸ್ಸಿನಲ್ಲಿತ್ತಂತೆ. ಡ್ರೈವರ್ ಕೈಗೆ ಒಂದು ತುಂಡು ಇಟ್ಟಾಗ ಬಸ್ಸು ಶುರುವಾಯಿತು ಅಂತ ನನ್ನ ಗಂಡ ಇವತ್ತಿಗೂ ಪ್ರಮಾಣ ಮಾಡುತ್ತಾರೆ.

ಮನೆ ಮುಟ್ಟಿದ್ದು ಬರೀ ಹಸಿ ಗೋಣಿತಟ್ಟು. ಇಪ್ಪತ್ತು ಹೆಂಗಸರು ಕಾದು ಕೂತಿದ್ದರು. ನನಗೆ ಭೂಮಿ ಬಾಯಿ ತೆರೆಯಬಾರದೆ ಅನ್ನಿಸಿತು. ಭಾಬಿ ಮಾತ್ರ ಸುಮ್ಮನೆ ಎದ್ದು ಆ ಗೋಣಿತಟ್ಟನ್ನು ಕಿಟಕಿಗೆ ಕಟ್ಟಿ, ಅದರ ಮೇಲೆ ಒಂದು ಕೊಡ ನೀರು ಹೊಡೆದಳು. ಗಾಳಿ ತಣ್ಣಗೆ ಬೀಸತೊಡಗಿತು.

"ತಂಪು ಪಾರ್ಟಿ ಅಂತ ಕರದಿದ್ರಿ, ಐಸ್ ಪಾರ್ಟಿ ಅಂದಿರಲಿಲ್ಲ," ಅಂದಳು.

ನನ್ನ ಮಾನ ಉಳಿಸಿದ ಆ ಮಾತನ್ನು ನಾನು ಮರೆತಿಲ್ಲ. ಮುಂದಿನ ರವಿವಾರ ನನ್ನ ಗಂಡ ಬೇರೆ ಕೆಲಸಕ್ಕೆ ಹೋಗಿ ಅದೇ ಬಸ್ಸು ಹತ್ತಿದರೆ, ಕಂಡಕ್ಟರ್ ಅವರ ಖಾಲಿ ಕೈ ನೋಡಿ ಹೇಳಿದನಂತೆ.

"ಇವತ್ತ ಐಸ್ ಇಲ್ಲೇನ್ರಿ? ಹಿಂದ ನಾಕ್ ಮಂದಿ ಲಿಂಬಿಹಣ್ಣು, ಸಕ್ಕರಿ ಹಿಡಕೊಂಡ ಕುಂತಾರ."

ವೇಷದ ಪಾರ್ಟಿ

ಅಷ್ಟರಲ್ಲಿ ವರ್ಗಾವಣೆಯ ಅರ್ಜಿ ನನಗೆ ಮರೆತೇ ಹೋಗಿತ್ತು. ಒಮ್ಮೊಮ್ಮೆ ನೆನಪಾಗಿ, ಹಿಂದಕ್ಕೆ ತೆಗೆದುಕೊಳ್ಳಬೇಕು ಅನ್ನಿಸುತ್ತಿತ್ತು. ಸರಕಾರಿ ಆಫೀಸಿಗೆ ಹೋದ ಅರ್ಜಿ ಅಲ್ಲೇ ಸುಖವಾಗಿ ಮಲಗಿರುತ್ತದೆ ಎಂಬ ಧೈರ್ಯದಿಂದ ಬಿಟ್ಟಿದ್ದೆ.

ಆ ಬೇಸಿಗೆಯ ಕೊನೆಯ ಪಾರ್ಟಿಗೆ, ಊರಿನ ಯಾರದಾದರೂ ವೇಷ ಹಾಕಿಕೊಂಡು ಬನ್ನಿ ಅಂದೆ. ನಾನು ಆಯಿಯ ಹಳೆಯ ಇಳಕಲ್ ಸೀರೆ ಬೇಡಿ ತಂದು ಉಟ್ಟು, ಅವಳ ಎಲೆಯಡಿಕೆ ಚೀಲ ಸೊಂಟಕ್ಕೆ ಸಿಕ್ಕಿಸಿ, ಕೋಲು ಹಿಡಿದು ಕೂತೆ. ಒಬ್ಬರು ಗೌಡರಾಗಿ, ಒಬ್ಬರು ಪೋಸ್ಟಮನ್ ಆಗಿ ಬಂದಾರು ಅಂದುಕೊಂಡಿದ್ದೆ.

ಬಾಗಿಲು ತೆರೆದರೆ ಹನ್ನೊಂದು ನರ್ಸಬಾಯಿಗಳು. ಗಂಡಂದಿರ ಬಿಳಿ ಧೋತರಗಳಿಗೆ ಭಾಬಿ ಒಂದು ವಾರ ಕೂತು ನೀಲಿ ಅಂಚು ಹೊಲಿದಿದ್ದಳು. ಎಲ್ಲರ ಕೈಯಲ್ಲೂ ಕೊಡೆ, ಹೆಗಲಲ್ಲಿ ಚೀಲ. ಎಲ್ಲರಿಗಿಂತ ಮುಂದೆ, ಕಣ್ಣಿಗೆ ಕನ್ನಡಕ ಏರಿಸಿಕೊಂಡ ಆಯಿ.

ಬಿಳಿ ಸೀರೆ ಉಡಬಾರದಲ್ಲ ಅಂತ ತಡವರಿಸಿದೆ.

"ಇದು ಬಿಳಿ ಸೀರಿ ಅಲ್ರಿ," ಅಂದಳು ಭಾಬಿ. "ನಿಮ್ಮ ಸೀರಿ."

ಅಳು ಮುಚ್ಚಿಕೊಳ್ಳಲು ಸೆರಗನ್ನು ಮುಖಕ್ಕೆ ಎಳೆದುಕೊಂಡು ಮೂಲೆಯಲ್ಲಿ ಕೂತೆ. ಅದೇ ಹೊತ್ತಿಗೆ ನಮ್ಮ ಇಲಾಖೆಯ ಆಫೀಸಿನ ಹೊಸ ಜವಾನ ಸೈಕಲ್ ತುಳಿದು ಬೆವರು ಸುರಿಸುತ್ತ ಬಂದ. ನನ್ನನ್ನು ಅವನು ನೋಡಿದವನಲ್ಲ. ನರ್ಸಬಾಯಿ ಯಾರು ಅಂತ ಕೇಳಿದ. ಹನ್ನೊಂದೂ ಜನ, ನಾನ್ರಿ ಅಂದರು. ಅವನು ಎರಡು ಸಲ ಕಣ್ಣು ಒರೆಸಿಕೊಂಡ. ನಾನು ಎದ್ದು ಬಾಯಿ ತೆರೆಯಬೇಕು, ಅಷ್ಟರಲ್ಲಿ ನನ್ನ ಕುರ್ಚಿಯಲ್ಲಿ ಕೂತಿದ್ದ ಆಯಿ ನನ್ನದೇ ಧಾಟಿಯಲ್ಲಿ, ಸುಮ್ಮನೆ ಕೂತುಕೊಳ್ಳಿ ಆಯಿ, ನಿಮ್ಮ ಪಾಳಿ ಬಂದಾಗ ಕರೆಯುತ್ತೇನೆ ಅಂತ ನನ್ನನ್ನೇ ಗದರಿದಳು. ಎಲ್ಲರಿಗೂ ನಗು ಒತ್ತರಿಸಿತು. ನಾನೂ ನಗುತ್ತ ಕೂತೆ.

ಜವಾನನಿಗೆ ಬಿಸಿಲು ನೆತ್ತಿಗೇರಿತ್ತು. ಕುರ್ಚಿಯಲ್ಲಿ ಕೂತವಳೇ ನರ್ಸಬಾಯಿ ಅಂತ ತೀರ್ಮಾನಿಸಿ ಒಂದು ಲಕೋಟೆ ಕೊಟ್ಟು, ಸಹಿಗೆ ಟಪಾಲಿನ ಪುಸ್ತಕ ಮುಂದಿಟ್ಟ. ಆಯಿ ನನ್ನ ಮೇಜಿನ ಮೇಲಿದ್ದ ಶಾಯಿಪ್ಯಾಡಿಗೆ ಹೆಬ್ಬೆರಳು ತಿಕ್ಕಿ ಗಟ್ಟಿಯಾಗಿ ಒತ್ತಿದಳು. ಅವನು ಪುಸ್ತಕ ಮಡಚಿ, ಎರಡು ಲೋಟ ಪಾನಕ ಕುಡಿದು ಹೋದ.

ಲಕೋಟೆ ಒಡೆದರೆ ಕಲಘಟಗಿ ಕಡೆಗೆ ನನ್ನ ವರ್ಗಾವಣೆ! ನಗು ನಿಂತಿತು. ಇದನ್ನು ನಾನೇ ಬೇಡಿದ್ದೆ, ಆಗ ನನ್ನ ಮನೆಗೆ ಯಾರೂ ಬರುತ್ತಿರಲಿಲ್ಲ ಅಂತ ಒಪ್ಪಿಕೊಂಡೆ. ಅವತ್ತಿನ ಊಟ ಯಾರ ಗಂಟಲಲ್ಲೂ ಇಳಿಯಲಿಲ್ಲ. ಹೋಗಲು ಇಷ್ಟವಿಲ್ಲ, ಆದೇಶ ರದ್ದು ಮಾಡಿ ಅಂತ ಅದೇ ಸಂಜೆ ಇನ್ನೊಂದು ಅರ್ಜಿ ಬರೆದೆ.

ಅದಕ್ಕೆ ಉತ್ತರ ಬರಲಿಲ್ಲ. ಬಂದದ್ದು ಬೇರೊಂದು ಕಾಗದ. ಆದೇಶ ಪಡೆದ ನರ್ಸ್ ಹೆಬ್ಬೆಟ್ಟು ಒತ್ತಿದ್ದಾಳೆ, ಓದು ಬರಹ ಬಾರದವಳು ಇಷ್ಟು ವರ್ಷ ಸೂಜಿ ಚುಚ್ಚಿದ್ದು ಹೇಗೆ, ವಿಚಾರಣೆಗೆ ದೊಡ್ಡ ಸಾಹೇಬರು ಖುದ್ದಾಗಿ ಬರುತ್ತಾರೆ ಅಂತ. ಸಾಹೇಬರು ಬಂದರು. ನಾನು ಕೈಮುಗಿದು ನಡೆದದ್ದನ್ನೆಲ್ಲ ಹೇಳಿದೆ. ಅವರು ನಗಲೂ ಇಲ್ಲ, ಸಿಟ್ಟಾಗಲೂ ಇಲ್ಲ, ಆ ಹೆಬ್ಬೆಟ್ಟು ಯಾರದು ಅಂತ ಕೇಳಿದರು.

ಓಣಿಯೆಲ್ಲ ಹೊರಗೆ ತಿರುಗಿ ನೋಡಿತು. ಆಯಿ ಸಣ್ಣದೊಂದು ಬಟ್ಟೆಗಂಟು ಹಿಡಿದುಕೊಂಡು, ಆಗಲೇ ಸಾಹೇಬರ ಜೀಪು ಹತ್ತಿ ಕೂತಿದ್ದಳು.

"ಹೆಬ್ಬಟ್ಟ ನಂದರಿ, ಅಂದಮ್ಯಾಲ ವರ್ಗಾವಣಿನೂ ನಂದ," ಅಂದಳು. "ನಡೀರಿ, ಕಲಘಟಗಿಗೆ ಹೋಗೂಣು. ನನ್ನ ಮಗಳು ಇಲ್ಲೇ ಇರ್ಲಿ."

ಅಲ್ಲಿಯವರೆಗೆ ನಾನು ಅವಳಿಗೆ ಬಾಯಾರ ಆಗಿದ್ದೆ. ಮಗಳು ಅಂದದ್ದು ಅವತ್ತೇ ಮೊದಲು.

ಡ್ರೈವರ್ ಇಳಿಯಿರಿ ಅಂದ, ಇಳಿಯಲಿಲ್ಲ. ಗೌಡರು ಬಂದು ಹೇಳಿದರು, ಇಳಿಯಲಿಲ್ಲ. ಎಲೆಗೆ ಸುಣ್ಣ ಹಚ್ಚುತ್ತ ಕೂತಳು. ಒಂದು ಗಂಟೆ ಬಿಸಿಲಲ್ಲಿ ನಿಂತ ಮೇಲೆ ಸಾಹೇಬರಿಗೆ ನಗು ತಡೆಯಲಿಲ್ಲ. ನನ್ನ ಅರ್ಜಿಯನ್ನು ಚೀಲದಿಂದ ತೆಗೆದು, ಜೀಪಿನ ಬಾನೆಟ್ಟಿನ ಮೇಲೇ ಇಟ್ಟು, ವರ್ಗಾವಣೆ ರದ್ದು ಅಂತ ಬರೆದು ಸಹಿ ಹಾಕಿದರು. ಮುಂದೆ ನಾನು ಆ ಊರಲ್ಲೇ ಹದಿನಾಲ್ಕು ವರ್ಷ ಇದ್ದೆ. ನನ್ನ ಇಬ್ಬರು ಮಕ್ಕಳ ಮೊದಲ ತೊಟ್ಟಿಲು ತೂಗಿದವರು ಈ ಹನ್ನೊಂದು ಜನ. ಅವರ ಋಣ ಯಾವ ಸೀಕರಣಿಯಿಂದಲೂ ತೀರುವಂಥದ್ದಲ್ಲ.

ಸಹಿ ಆದದ್ದನ್ನು ಭಾಬಿ ಓದಿ ಹೇಳಿದ ಮೇಲೆಯೇ ಆಯಿ ಕೆಳಗೆ ಇಳಿದಳು. ಇಳಿದವಳು ತಿರುಗಿ ಜೀಪನ್ನು ಹಿಂದಿನಿಂದ ಮುಂದಿನವರೆಗೆ ಒಮ್ಮೆ ಅಳೆದು ನೋಡಿದಳು.

"ಅವತ್ತ ಸುಮ್ಮನ ಹೆದರಿ ಸೀಕರಣಿಗೆ ತಡಾ ಮಾಡಿದ್ವಿ ನೋಡ್ರಿಬೇ," ಅಂದಳು. "ಇದರಾಗ ನಾವು ಎಂಟ ಮಂದಿ ಎಲ್ಲಿ ಹಿಡಿತಿದ್ವಿ?"