ಸೂಜಿಯಕ್ಕನ ರಕ್ತದ ಅವಿಧೇಯತೆ

ಸಂಖ್ಯೆ: ರಕ್ತ/ಶಿಸ್ತು/41/ಪರಿಷ್ಕೃತ

ವಿಷಯ: ಮೂರು ಬಾರಿ ಲಸಿಕೆ ಪಡೆದೂ ಸ್ಪಂದಿಸದ ರಕ್ತದ ಮೇಲಿನ ಶಿಸ್ತುಕ್ರಮದ ಬಗ್ಗೆ.

ಉಲ್ಲೇಖ: ಸೂಜಿಯಕ್ಕನ ಅಣ್ಣನ ಫೋನ್ ಕರೆ (ಏರುದನಿ).

ಪ್ರಯೋಗಾಲಯದಲ್ಲಿ ಹತ್ತೊಂಬತ್ತು ವರ್ಷಗಳಿಂದ ರೋಗಿಗಳ ರಕ್ತ ತೆಗೆಯುತ್ತಿರುವ, ಎಲ್ಲರ ಬಾಯಲ್ಲೂ ಸೂಜಿಯಕ್ಕ ಆಗಿರುವ ಸಿಬ್ಬಂದಿಯು, ರಕ್ತದಿಂದ ಹರಡುವ ಕಾಮಾಲೆಗೆ ಮೂರೂ ಲಸಿಕೆ ಪಡೆದಿರುತ್ತಾರೆ. ಉಳಿದೆಲ್ಲರ ರಕ್ತದಲ್ಲಿ ರಕ್ಷಣೆ ಕಂಡುಬಂದಿದ್ದು, ಇವರದರಲ್ಲಿ ಮಾತ್ರ ಸೊನ್ನೆ. ವಿವರಣೆ ಕೇಳಲಾಗಿ, "ತೋಳು ಕೊಟ್ಟಿದ್ದೀನಿ ಸಾರ್, ಮೂರು ಸಲ. ಒಳಗಡೆ ಅದು ಕೆಲಸ ಮಾಡ್ದಿದ್ರೆ ನಾನೇನ್ ಮಾಡ್ಲಿ?" ಎಂದು ಕಣ್ಣು ತುಂಬಿಕೊಂಡು ಹೇಳಿರುತ್ತಾರೆ. ವೈದ್ಯರು, "ಇದು ಹುಟ್ಟಿನಿಂದ ಬಂದಿದ್ದು. ಕೆಲವರ ವಂಶವಾಹಿಗಳಿಂದಾಗಿ ಮೈ ಈ ಲಸಿಕೆಯ ಗುರುತು ಹಿಡಿಯಲ್ಲ. ಇವರಣ್ಣನಿಗೂ ಹಾಗೇ" ಎಂದಿರುತ್ತಾರೆ. ಇದನ್ನು ಕೂಲಂಕಷವಾಗಿ ಪರಿಶೀಲಿಸಿ, ಹಿಂದಿನ ಸುತ್ತೋಲೆಯಲ್ಲಿ ಹೀಗೆ ಆದೇಶಿಸಲಾಗಿತ್ತು:

1. ಸದರಿ ವಂಶವಾಹಿಗಳು ಬೆಳಿಗ್ಗೆ ಹತ್ತಕ್ಕೆ ಖುದ್ದು ಹಾಜರಾಗತಕ್ಕದ್ದು.

2. ದೋಷವು ತಂದೆಯ ಕಡೆಯದೋ ತಾಯಿಯ ಕಡೆಯದೋ ಎಂಬುದನ್ನು ಏಳು ತಲೆಮಾರಿನವರ ಸಹಿಯೊಂದಿಗೆ ದೃಢೀಕರಿಸತಕ್ಕದ್ದು. ಮೃತರು ಹೆಬ್ಬೆಟ್ಟು ಒತ್ತಬಹುದು.

3. ವಾಚ್‌ಮನ್ ರಕ್ತದಲ್ಲಿ ಬೇಕಾದ್ದಕ್ಕಿಂತ ನೂರು ಪಟ್ಟು ರಕ್ಷಣೆ ಇರುವುದರಿಂದ, ಹೆಚ್ಚುವರಿಯನ್ನು ದಾಸ್ತಾನು ಕೊಠಡಿಗೆ ಒಪ್ಪಿಸತಕ್ಕದ್ದು.

4. ಅಲ್ಲಿಯವರೆಗೆ ಸೂಜಿಯಕ್ಕ ಸೂಜಿ ಮುಟ್ಟದೆ ಕಡತಗಳಿಗೆ ದಾರ ಕಟ್ಟತಕ್ಕದ್ದು.

ಅದರಂತೆ ಅವರು ಹನ್ನೊಂದು ವಾರ ದಾರ ಕಟ್ಟಿರುತ್ತಾರೆ. ಪಕ್ಕದ ಕೋಣೆಯಿಂದ "ಅಯ್ಯೋ" ಕೇಳಿದಾಗಲೆಲ್ಲ ಅವರ ಕೈ ತಡೆದು ನಿಂತದ್ದು ಗಮನಕ್ಕೆ ಬಂದಿದೆ. ಬದಲಿ ಸಿಬ್ಬಂದಿಯು ಒಂದು ನರಕ್ಕೆ ನಾಲ್ಕು ಸಲ ಚುಚ್ಚಿದ್ದರಿಂದ, ವಾರ ವಾರ ಬರುವ ಅಜ್ಜಿಯೊಬ್ಬರು ತೋಳು ಇಳಿಸಿಕೊಂಡು, "ಆ ಹುಡುಗಿ ಬರೋ ತನಕ ಒಂದ್ ತೊಟ್ಟೂ ಕೊಡಲ್ಲ" ಎಂದು ಸರತಿಯಲ್ಲೇ ಕುಳಿತಿರುತ್ತಾರೆ. ಅದೇ ದಿನ ಅಧೀಕ್ಷಕರ ಸಕ್ಕರೆ ಪರೀಕ್ಷೆಗೂ ಐದು ಸಲ ಚುಚ್ಚಲಾಗಿದೆ. ಅವರು ಕಡತದ ಕೋಣೆಗೆ ಖುದ್ದು ಹೋಗಿ, "ಅಮ್ಮಾ, ಒಂಚೂರು ಬರ್ತೀರಾ?" ಎಂದು ಕೇಳಿರುತ್ತಾರೆ. "ಆದೇಶ ಇದೆಯಲ್ಲ ಸಾರ್" ಎಂದು ಉತ್ತರಿಸಲಾಗಿದೆ.

ಆದ ಪ್ರಯುಕ್ತ ಹಿಂದಿನ ಆದೇಶವನ್ನು ಈ ಕ್ಷಣದಿಂದ ಹಿಂಪಡೆಯಲಾಗಿದೆ. ಈ ನಡುವೆ ಬೇರೆ ಬಗೆಯ ಲಸಿಕೆ ಕೊಟ್ಟು ನೋಡಿದರೂ ಸೊನ್ನೆಯೇ ಬಂದಿದ್ದು, ಇದು ಅವಿಧೇಯತೆಯಲ್ಲವೆಂದು ಒಪ್ಪಲಾಗಿದೆ. ಸೂಜಿಯಕ್ಕ ಎರಡು ಜೊತೆ ಕೈಗವಸು ಧರಿಸಿ ಕೆಲಸ ಮಾಡುವುದು. ಸೂಜಿ ತಾಗಿದರೆ ಯಾರ ಅನುಮತಿಗೂ ಕಾಯದೆ, ಲಸಿಕೆಯಲ್ಲದ, ಸಿದ್ಧ ರಕ್ಷಣೆಯನ್ನೇ ಮೈಗೆ ಸೇರಿಸುವ ಚುಚ್ಚುಮದ್ದು ಪಡೆಯುವುದು. ಅಧೀಕ್ಷಕರ ರಕ್ತ ಒಂದೇ ಸಲಕ್ಕೆ ಬಂದಿದೆ. ನೋವಾಗಲಿಲ್ಲ ಎಂಬುದನ್ನು ದಾಖಲಿಸಲಾಗಿದೆ.

ಸಹಿ/-
ಅಧೀಕ್ಷಕರು
(ಎಡಗೈಯಲ್ಲಿ, ಬಲಗೈ ಊದಿದೆ)

ಪ್ರತಿಗಳು:
1. ಅಣ್ಣನವರಿಗೆ, ದನಿ ತಗ್ಗಿಸುವ ಕೋರಿಕೆಯೊಂದಿಗೆ.
2. ವಂಶವಾಹಿಗಳಿಗೆ, ಮಾಹಿತಿಗಾಗಿ ಮಾತ್ರ.
3. ಸೂಚನಾ ಫಲಕಕ್ಕೆ. ಪಿನ್ನನ್ನು ಸೂಜಿಯಕ್ಕನೇ ಚುಚ್ಚುವುದು.